ಮೊದಲು ಟೀಚರ್ ತಪ್ಪು

ಚಂದಾಪುರ
೬ ಡಿಸೆಂಬರ್ ೨೦೨೫

ಪ್ರೀತಿಯ ಅವ್ವ,

ನಿನ್ನ ಹೊಸ ಮದುಮಗಳ ಶರಣು! ಫೋನಿನಲ್ಲಿ ಹೇಳಿದರೆ ಪಕ್ಕದಲ್ಲೇ ಇರುವ ನಿನ್ನ ಅಳಿಯನಿಗೆ ಕೇಳಿಸುತ್ತದೆ, ಅದಕ್ಕೇ ಪತ್ರ. ರುದ್ರೇಶ್ ನನ್ನನ್ನು ಬಹಳ ಸಾಧು ಹುಡುಗಿ ಎಂದು ನಂಬಿದ್ದಾರೆ, ಪಾಪ! ನಾನು ಮಾಡಿದ ಜೋಳದ ರೊಟ್ಟಿ ಹಪ್ಪಳದಂತೆ ಮುರಿದರೂ "ಕ್ರಿಸ್ಪಿಯಾಗಿದೆ ಕಣೇ" ಎಂದು ತಿನ್ನುತ್ತಾರೆ. ಎಷ್ಟು ಒಳ್ಳೆಯವರು! ಅವರ ವಿಷಯ ಆಮೇಲೆ. ಅವ್ವ, ನಾನು ಸೇಡು ತೀರಿಸಿಕೊಂಡೆ!

ಏಳನೇ ತರಗತಿಯ ಮಕ್ಕಳಿಗೆ ನಾನು ಗಣಿತದ ಡೈರಿ ಬರೆಸುತ್ತೇನಲ್ಲ, ಲೆಕ್ಕ ಎಲ್ಲಿ ತಪ್ಪಿತು, ಆಗ ತಲೆಯಲ್ಲಿ ಏನು ಓಡುತ್ತಿತ್ತು ಎಂದು ತಮ್ಮದೇ ಮಾತಿನಲ್ಲಿ? ನಮ್ಮ ಗಣಿತ ವಿಭಾಗದ ಮುಖ್ಯಸ್ಥ ಅಂಬರೀಶ್ ಸರ್ ಅದನ್ನು ನೋಡಿ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಏನ್ ಮೇಡಂ, ಮ್ಯಾತ್ಸ್ ಪೀರಿಯಡ್ಡಲ್ಲಿ ಲವ್ ಲೆಟರ್ ಬರೆಸ್ತೀರಾ?" ಎಂದು ನಕ್ಕಿದ್ದರು. ನಾನು ಮದುವೆ ರಜೆಗೆ ಊರಿಗೆ ಬಂದದ್ದೇ ತಡ, "ಮದ್ವೆ ಆದ್ಮೇಲೆ ಇವರ ಗಮನ ಇನ್ನೆಲ್ಲಿರುತ್ತೆ" ಎಂದು ಪ್ರಿನ್ಸಿಪಾಲರಿಗೆ ಹೇಳಿ ನನ್ನ ತರಗತಿಯನ್ನೇ ಕಿತ್ತುಕೊಂಡರು. ಮೆಹಂದಿ ಮಾಸುವ ಮುಂಚೆ ವಾಪಸ್ ಹೋದರೆ ಗೇಟಿನ ಮೇಲೆ ಬ್ಯಾನರ್: ಅಂಬರೀಶ್ ಸರ್ ಅವರ ಹೊಸ ವಿಧಾನ, ಗಣಿತದ ಡೈರಿ, ಪೋಷಕರೆದುರು ಮಾದರಿ ಪಾಠ! ನನಗೆ ಒಂದನೇ ತರಗತಿಯ ಮಗ್ಗಿ.

ನಿನ್ನೆ ಆ ಪಾಠ. ನಾನು ಧಾರೆ ಸೀರೆ ಉಟ್ಟುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಸರ್ ಭಾಷಣ ಮುಗಿಸಿ, "ಯಾರ್ ಓದ್ತೀರಾ? ಕಮಾನ್!" ಎಂದರು. ಯಾರೂ ಏಳಲಿಲ್ಲ. ಕೊನೆಗೆ ಯಾದಗಿರಿ ಕಡೆಯ ಹುಡುಗಿ ಮಹಾದೇವಿ ಎದ್ದು, "ಸರ, ಮೊದ್ಲ ನೀವ್ ಓದ್ರಿ. ಟೀಚರ್ ತಪ್ಪು ಮೊದ್ಲ, ನಮ್ಮವು ಆಮ್ಯಾಲ" ಎಂದಳು.

ನನ್ನ ತರಗತಿಯ ನಿಯಮ ಅದು. ಆ ವಾರದ ನನ್ನ ತಪ್ಪನ್ನು ನಾನೇ ಮೊದಲು ಓದಿದರೆ ಮಕ್ಕಳ ಹೆದರಿಕೆ ಹೋಗುತ್ತದೆ. ಸರ್ ನಕ್ಕು, "ನಾನ್ ತಪ್ಪು ಮಾಡಲ್ಲಮ್ಮ" ಎಂದರು. ಹಿಂದಿನ ಬೆಂಚಿನಿಂದ ಯಾರೋ, "ಅಂಗಾದ್ರೆ ನಾವೂ ಮಾಡಿಲ್ಲ ಸಾರ್" ಎಂದರು. ಇಡೀ ತರಗತಿ ಪಟಪಟನೆ ಡೈರಿ ಮುಚ್ಚಿತು!

ಮಹಾದೇವಿಯ ಅಪ್ಪ ರೇವಣಸಿದ್ದ ಎದ್ದು ನಿಂತು, "ಮಗಳು ಮನ್ಯಾಗ ಸ್ಫೂರ್ತಿ ಟೀಚರ್ ಸುದ್ದೀನ ಹೇಳ್ತಿದ್ಳಲ್ರೀ, ಅವರೆಲ್ಲಿದಾರ?" ಎಂದು ಕೇಳಿದರು. ನಾನು ಬೇಕೆಂದೇ ನಿಧಾನವಾಗಿ, ಸೆರಗು ಸರಿಮಾಡಿಕೊಂಡು ಎದ್ದೆ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬೋರ್ಡಿನ ಮೇಲೆ ಬರೆದಿದ್ದ ಕಥೆ ಹೇಳಿದೆ. ಕೂಡಿಸಿದ ಮೇಲೂ ಅದು ಅರ್ಧಕ್ಕಿಂತ ಕಡಿಮೆಯಾಯಿತೆಂದು ನನಗೆ ಹೊಳೆದೇ ಇರಲಿಲ್ಲ. ಮಕ್ಕಳು ಗೊಳ್ಳೆಂದು ನಕ್ಕು, ತಮ್ಮ ತಪ್ಪು ಓದಲು ಕೈ ಎತ್ತಿದರು. ಸರ್ ಡಸ್ಟರ್ ಹಿಡಿದು ಖಾಲಿ ಬೋರ್ಡನ್ನೇ ಒರೆಸುತ್ತಿದ್ದರು. ಸೋಮವಾರದಿಂದ ತರಗತಿ ಮತ್ತೆ ನನ್ನದೆಂದು ಪ್ರಿನ್ಸಿಪಾಲರು ಎಲ್ಲರೆದುರೇ ಹೇಳಿದರು!

ಮದುವೆಯ ಗಡಿಬಿಡಿಯಲ್ಲಿ ಆ ನಿಯಮವನ್ನು ಸರ್‌ಗೆ ಹೇಳುವುದನ್ನೇ ಮರೆತಿದ್ದೆ, ನೋಡು.

ಕುಣಿಯುತ್ತಿರುವ ನಿನ್ನ ಮಗಳು,
ಸ್ಫೂರ್ತಿ

ತಾ.ಕ.: ಮರೆತಿರಲಿಲ್ಲ. ಪಾಠದ ಹಿಂದಿನ ದಿನ ಅವರೇ ಕಾರಿಡಾರಿನಲ್ಲಿ ನಿಲ್ಲಿಸಿ, "ಇದ್ರಲ್ಲಿ ಇನ್ನೇನಾದ್ರೂ ಇದೆಯಾ ಮೇಡಂ?" ಎಂದು ಕೇಳಿದ್ದರು. "ಇಲ್ಲ ಸರ್, ಬರೀ ಲವ್ ಲೆಟರ್" ಎಂದೆ. ಸೋಮವಾರ ಮಕ್ಕಳೆದುರು ನನ್ನ ತಪ್ಪು ಓದಬೇಕು. ಇದನ್ನು ಓದುವುದಿಲ್ಲ. ತಪ್ಪು ಅನ್ನಿಸಿದ್ದನ್ನು ಮಾತ್ರ ಬರೆಯಬೇಕೆಂಬುದೂ ನನ್ನದೇ ನಿಯಮ.