ಮುನ್ನೂರ ಹನ್ನೆರಡು ತಲೆಗಳ ಗುಟ್ಟು

ವೆಬ್‌ಸೈಟ್ ಕಂಪನಿಯ ತಾಂತ್ರಿಕ ಸಹಾಯ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಎರಡು ವಾರದ ಹಿಂದೆ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ತಮ್ಮ ವಿಭಾಗದ ತಜ್ಞರೊಬ್ಬರು ನನ್ನ ಮುನ್ನೂರ ಹನ್ನೆರಡು ಗಿರಾಕಿಗಳಿಗೆ ಒಂದೇ ಏಟಿಗೆ ಒಂದು ಇಮೇಲ್ ಕಳಿಸಿದರು. 'ಪರೀಕ್ಷೆ. ನಿಮ್ಮ ವಿಗ್ ಸಿದ್ಧವಾಗಿದೆ' ಎಂಬುದಷ್ಟೇ ಅದರ ಒಕ್ಕಣೆ. ಮೇಲ್ಗಡೆ ಅಷ್ಟೂ ಜನರ ಹೆಸರು, ವಿಳಾಸ ಎಲ್ಲರಿಗೂ ಕಾಣುವಂತೆ ಸಾಲಾಗಿ ನಿಂತಿದ್ದವು. ನಾನು ವಿಗ್ ಮಾಡಿಕೊಡುವವನು. ನನ್ನ ವೆಬ್‌ಸೈಟಿನಿಂದ ಇಮೇಲ್ ಹೋಗುತ್ತದೋ ಇಲ್ಲವೋ ಎಂದು ನೋಡಲು ಅವರು ಹಾಗೆ ಮಾಡಿದರಂತೆ. ಹೋಯಿತು ಸ್ವಾಮಿ, ಬಹಳ ಚೆನ್ನಾಗಿ ಹೋಯಿತು. ಅದರ ಬೆನ್ನಿಗೇ ನನ್ನ ಮಾನವೂ ಹೋಯಿತು.

ನಮ್ಮ ಕಸುಬಿನ ರೀತಿನೀತಿ ತಮಗೆ ತಿಳಿದಿರಲಿಕ್ಕಿಲ್ಲ. ನನ್ನ ಅಂಗಡಿಗೆ ಎರಡು ಬಾಗಿಲು. ಮುಂಬಾಗಿಲಿನ ಬಣ್ಣ ಇನ್ನೂ ಹೊಸದರಂತಿದೆ, ಹಿಂಬಾಗಿಲಿನ ಹೊಸ್ತಿಲು ಸವೆದು ಗುಳಿ ಬಿದ್ದಿದೆ. ಅಪ್ಪ ನನಗೆ ಕೂದಲು ಹೆಣೆಯುವುದನ್ನು ಕಲಿಸುವ ಮೊದಲು ಕಲಿಸಿದ್ದು, ಗಿರಾಕಿ ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯದೆ ಮುಂದೆ ಹೋಗುವುದನ್ನು. ಎದುರಿಗೆ ಯಾರು ಬಂದರೂ ನಾನು ಅಂಗಡಿಗಳ ಬೋರ್ಡು ಓದುತ್ತ ನಡೆಯುವುದನ್ನು ಕಂಡು, ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇವನೆಂಥ ಜಂಭದ ಮನುಷ್ಯ ಎಂದುಕೊಂಡಿದ್ದಳು. ಒಳಗೆ ಕಪಾಟಿನಲ್ಲಿ ಗಿರಾಕಿಗಳ ಅಳತೆಗೆ ಮಾಡಿಸಿದ ಮರದ ತಲೆಗಳಿವೆ, ಒಂದೊಂದರ ಕುತ್ತಿಗೆಗೂ ಒಂದೊಂದು ಹೆಸರಿನ ಚೀಟಿ. ಕರೆಂಟಿನವರು ರಿಪೇರಿಗೆ ಬಂದರೆ ನಾನು ಮೊದಲು ತಲೆಗಳನ್ನೆಲ್ಲ ಗೋಡೆಯ ಕಡೆ ತಿರುಗಿಸಿ ಮೇಲೊಂದು ಬಟ್ಟೆ ಹೊದಿಸುತ್ತೇನೆ. ಫ್ಯೂಸ್ ಎಲ್ಲಿದೆ ಎಂದು ತೋರಿಸುವುದು ಆಮೇಲೆ. ಅವರು ಕಳ್ಳರೆಂದಲ್ಲ. ಫ್ಯೂಸ್ ಹಾಕಲು ತಲೆ ನೋಡಬೇಕಾಗಿಲ್ಲ, ಅಷ್ಟೆ.

ಹೀಗಿರುವಾಗ ನನ್ನ ವೆಬ್‌ಸೈಟಿನ ಆರ್ಡರ್ ಫಾರಂ ಕೈಕೊಟ್ಟಿತು. ಫೋನ್ ಮಾಡಿದೆ. ತಮ್ಮ ತಜ್ಞರು ಬಹಳ ವಿನಯದಿಂದ, "ಅಡ್ಮಿನ್ ಪಾಸ್‌ವರ್ಡ್ ಕೊಡಿ ಸಾರ್" ಅಂದರು.

"ಕೆಟ್ಟಿರೋದು ಒಂದು ಫಾರಂ. ಅದಕ್ಕೆ ಇಡೀ ಸೈಟಿನ ಪಾಸ್‌ವರ್ಡ್ ಯಾಕೆ?" ಅಂದೆ.

"ಪೂರ್ತಿ ಆಕ್ಸೆಸ್ ಇದ್ರೆ ನಮಗೆ ಅನುಕೂಲ ಸಾರ್."

"ಒಳಗಡೆ ಗಿರಾಕಿಗಳ ಪಟ್ಟಿ ಇದೆಯಲ್ಲಪ್ಪ."

"ಅದನ್ನೆಲ್ಲ ಯಾರು ನೋಡ್ತಾರೆ, ಬಿಡಿ ಸಾರ್."

ನಿಜ. ಅವರು ನೋಡಲೇ ಇಲ್ಲ. ನೋಡಿದ್ದರೆ ಕಳಿಸುತ್ತಿರಲಿಲ್ಲವೇನೋ. ನಾನಾದರೂ ಏನು ಕಡಿಮೆ? ಕರೆಂಟಿನವರ ಮುಂದೆ ಬಟ್ಟೆ ಹೊದಿಸುವವನು, ಮುಖ ಕಾಣದ ಒಂದು ದನಿಗೆ ಕೀಲಿಗೊಂಚಲನ್ನೇ ಎತ್ತಿಕೊಟ್ಟೆ. ಆ ತಪ್ಪು ನನ್ನದು, ಒಪ್ಪುತ್ತೇನೆ. ತಮ್ಮ ಕಂಪನಿಯಲ್ಲಿ ಈ ಸೈಟು ಮಾಡಿಸಿಕೊಟ್ಟ ನನ್ನ ತಂಗಿಯ ಮಗಳು ಕೇಳಿ ತಲೆ ಚಚ್ಚಿಕೊಂಡಳು. "ಅಲ್ಲ ಮಾವ, ಅವರಿಗೆ ಅಂತಾನೇ ಬೇರೆ ಖಾತೆ ಮಾಡಿ, ಫಾರಂ ಒಂದೇ ಕಾಣೋ ಹಾಗೆ ಕೊಡಬಹುದಿತ್ತು. ಸುಳ್ಳು ಹೆಸರು ತುಂಬಿದ ಒಂದು ನಕಲು ಸೈಟಲ್ಲಿ ಪರೀಕ್ಷೆ ಮಾಡಿ ಅನ್ನಬಹುದಿತ್ತು. ಕೆಲಸ ಮುಗಿದ ಮೇಲೆ ಆ ಖಾತೆ ಕಿತ್ತು ಹಾಕಿದ್ರೆ ಆಯ್ತು. ಹತ್ತು ನಿಮಿಷದ ಕೆಲಸ." ಮಾನ್ಯರೇ, ತಲೆಗಳಿಗೆ ಹೊದಿಸುವ ಆ ಬಟ್ಟೆ ತಮ್ಮಲ್ಲಿಯೇ ಇತ್ತು. ಅದು ಇದೆ ಎಂದು ಗಿರಾಕಿಗೆ ಹೇಳುವುದು ತಮ್ಮ ವಿಭಾಗದಲ್ಲಿ ಯಾರ ಕೆಲಸ? ನನಗೆ ಹೇಳಲು ಅವರಿಗೆ ಹತ್ತು ನಿಮಿಷ ಹೆಚ್ಚಾಯಿತೇ?

ಆಮೇಲಿನದನ್ನು ಏನೆಂದು ಹೇಳಲಿ. ಒಬ್ಬ ಮಹನೀಯರು 'ನನಗೂ ವಿಗ್ಗಿಗೂ ಯಾವ ಸಂಬಂಧವೂ ಇಲ್ಲ' ಎಂದು ಅಷ್ಟೂ ಜನರಿಗೆ ಉತ್ತರ ಬರೆದು, ಕೆಳಗೆ ತಮ್ಮ ಹೆಸರು, ಹುದ್ದೆ, ಫೋನ್ ನಂಬರು ನಮೂದಿಸಿದರು. ಹನ್ನೊಂದು ವರ್ಷ ಒಂದೇ ಸೂರಿನಡಿ ಸಂಸಾರ ಮಾಡಿದ ಗಂಡ ಹೆಂಡತಿ, ಒಬ್ಬರಿಗೊಬ್ಬರು ತಿಳಿಯದಂತೆ ಒಬ್ಬರು ಸೋಮವಾರ, ಒಬ್ಬರು ಶುಕ್ರವಾರ ನನ್ನ ಹಿಂಬಾಗಿಲಿಗೆ ಬರುತ್ತಿದ್ದವರು, ಈಗ ಒಟ್ಟಿಗೇ ಬರುತ್ತಾರೆ. ಪರಸ್ಪರ ಮಾತಿಲ್ಲ, ನನ್ನ ಮೂಲಕ ಮಾತಾಡುತ್ತಾರೆ. ತಾವು ನಗುತ್ತಿರಬಹುದು. ನಾನೂ ನಕ್ಕೆ, ಬುಧವಾರ ಸಂಜೆಯವರೆಗೆ.

ಬುಧವಾರ ಸಂಜೆ ಒಬ್ಬ ಹೆಣ್ಣುಮಗಳು ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಕಸುಬು ಹೇಳುವುದಿಲ್ಲ. ಕಾಯಿಲೆಯ ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿತ್ತು. ಕೆಲಸದ ಜಾಗದಲ್ಲಿ ಯಾರಿಗೂ ತಿಳಿಸಿರಲಿಲ್ಲ. ಅವರ ಮೇಲಧಿಕಾರಿಯೂ ನನ್ನ ಗಿರಾಕಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಪಟ್ಟಿ ನೋಡಿದ ಆ ಅಧಿಕಾರಿ ಮರುದಿನ ಅವರನ್ನು ಎಲ್ಲರೆದುರು, "ಏನಮ್ಮಾ, ಹುಷಾರಾಗಿದ್ದೀಯಾ?" ಎಂದು ಮರುಕದಿಂದ ಕೇಳಿದರಂತೆ. ಆಕೆ ಜಗಳವಾಡಲಿಲ್ಲ. ನನ್ನ ಮೇಜಿನೆದುರು ಕೂತು ಮೆಲ್ಲಗೆ ಹೇಳಿದರು. "ಕೂದಲು ಹೋದಾಗ ನಾನು ಅಳಲಿಲ್ಲ ಅಣ್ಣ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದೊಂದು ನನ್ನ ಕೈಲಿತ್ತು. ಈಗ ಅದೂ ಇಲ್ಲ." ನಾಚಿಕೆಯಿಂದ ಕುಗ್ಗಿಹೋದೆ.

ಅಂದೇ ಪಾಸ್‌ವರ್ಡ್ ಬದಲಿಸಿ ತಮ್ಮ ಕಚೇರಿಗೆ ದೂರು ಬರೆದೆ. ಮೂರು ದಿನಕ್ಕೆ ಉತ್ತರ ಬಂತು: 'ತಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಿದ್ದೇವೆ. ತನಿಖೆಗಾಗಿ ದಯವಿಟ್ಟು ಹೊಸ ಪಾಸ್‌ವರ್ಡ್ ಕಳಿಸಿಕೊಡಿ.' ಈ ಪತ್ರವನ್ನು ಊರೆಲ್ಲ ಓದಲಿ ಎಂದು ಬಹಿರಂಗವಾಗಿ ಬರೆಯಲು ಕಾರಣ ಅದೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಫಾರಂ ಕೆಟ್ಟರೆ ಫಾರಮ್ಮಿನ ಕೀಲಿ ಮಾತ್ರ ಕೇಳಿ, ಕೆಲಸ ಮುಗಿದ ದಿನವೇ ಅದನ್ನು ಹಿಂತಿರುಗಿಸಿ. ತಮ್ಮಲ್ಲಿ ಉಳಿದಿರುವ ನನ್ನ ಪಟ್ಟಿಯ ನಕಲನ್ನು ಅಳಿಸಿ, ಅಳಿಸಿದ್ದೇವೆಂದು ಸಹಿ ಮಾಡಿ ಕೊಡಿ. ಮುನ್ನೂರ ಹನ್ನೆರಡು ಜನರಿಗೂ ತಾವೇ ಕ್ಷಮೆ ಕೇಳಿ ಬರೆಯಿರಿ, ಆದರೆ ದಮ್ಮಯ್ಯ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ. ಆ ಹೆಣ್ಣುಮಗಳಿಗೆ ಮಾತ್ರ ಕೈಯಲ್ಲೇ ಬರೆಯಿರಿ. ಲಕೋಟೆ ಅಂಟಿಸಿ ನನಗೆ ಕೊಟ್ಟರೆ ಸಾಕು, ನಾನು ತಲುಪಿಸುತ್ತೇನೆ, ಬಿಚ್ಚಿ ನೋಡುವುದಿಲ್ಲ.

ಇನ್ನೊಂದು ಮಾತು. ಆ ಪಟ್ಟಿಯಲ್ಲಿ ತಮ್ಮ ಕಚೇರಿಯವರು ಯಾರಾದರೂ ಇದ್ದಾರೆಯೇ ಎಂದು ಅಂಗಡಿಗೆ ಬಂದವರೊಬ್ಬರು ಬಹಳ ಕೆದಕಿದರು. ಇರಬಹುದು, ಇಲ್ಲದಿರಬಹುದು, ನಾನು ಬಾಯಿ ಬಿಡಲಿಲ್ಲ. ನಾಳೆ ತಾವು ಬೀದಿಯಲ್ಲಿ ಎದುರಾದರೆ ನಾನು ಎಂದಿನಂತೆ ಬೋರ್ಡು ಓದುತ್ತ ಮುಂದೆ ಹೋಗುತ್ತೇನೆ. ಗಾಳಿ ಎಷ್ಟೇ ಜೋರಾಗಿ ಬೀಸುತ್ತಿದ್ದರೂ ತಮ್ಮ ಕಡೆ ತಿರುಗಿ ನೋಡುವುದಿಲ್ಲ.

ಇಂತಿ,
ತಲೆ ಕಾಯುವ ಕಸುಬಿನಲ್ಲಿದ್ದು ತಲೆ ತಗ್ಗಿಸಿ ಕೂತಿರುವ
ಹಿಂಬಾಗಿಲ ಅಂಗಡಿಯವ