ವಿಮಾನದಾಗೆ ಫೋನ್ ಹತ್ತಲ್ಲ

ನವೆಂಬರ್ 10, ಸೋಮವಾರ. ಹೊನ್ನಾಳಿ

ಒಂಬತ್ತನೇ ಕ್ಲಾಸಿನ ವಿಜ್ಞಾನದ ಪೇಪರ್ ತಿದ್ದುತ್ತಾ ಕೂತೆ. ಆಮ್ಲಕ್ಕೆ ಉದಾಹರಣೆ ಕೊಡಿ ಅಂದರೆ ಒಬ್ಬ ಆಮ್ಲೆಟ್ ಅಂತ ಬರೆದಿದ್ದಾನೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಇವತ್ತು ಹಾಳೆ ಹರಿಯುವ ಹಾಗೆ ಕೆಂಪು ಪೆನ್ನಿನಲ್ಲಿ ಗೀಚಿದೆ. ಪಾಪ, ಅವನದೇನು ತಪ್ಪು.

ಸಿಟ್ಟು ನಿನ್ನೆಯದು. ತಮ್ಮ ಸತೀಶನಿಗೆ ಎರಡನೇ ಮದುವೆ, ಹೆಣ್ಣು ನೋಡಲು ಜಗಳೂರಿಗೆ ಹೋಗಿದ್ದೆವು. ಹುಡುಗಿ ನೇತ್ರಾವತಿ. ಲ್ಯಾಬ್ ಟೆಕ್ನಿಷಿಯನ್. ಮಾತು ಕಡಿಮೆ, ಕಣ್ಣು ಚುರುಕು. ಅವಳ ಅಪ್ಪ ತಿಪ್ಪೇರುದ್ರಪ್ಪ ಕೇಳಿಯೇ ಕೇಳಿದರು, ಮೊದಲನೆಯವಳು ಯಾಕೆ ಬಿಟ್ಟು ಹೋದಳು ಅಂತ. ನಮ್ಮಪ್ಪ — ಚನ್ನಗಿರಿ ಅಡಿಕೆ ಮಂಡಿಯ ಶಿವಮೂರ್ತಪ್ಪ, ಮಾತಿಗೆ ತಪ್ಪದ ಮನುಷ್ಯ ಅಂತ ಊರಿಗೆಲ್ಲ ಹೆಸರು — ಮುಖ ಒಂಚೂರೂ ಅಲುಗಿಸದೆ ಅಂದ, “ಆಯಮ್ಮಂಗೆ ತಲೆ ಸರಿ ಇರ್ಲಿಲ್ಲ ಕಣ್ರೀ.”

ತಲೆ ಸರಿ ಇರಲಿಲ್ಲವಂತೆ! ಪುಷ್ಪಾಳ ತಲೆ ಸರಿಯಾಗೇ ಇತ್ತು. ಕೆಟ್ಟದ್ದು ಅವಳ ಕೈ. ಹೇಳದೆ ಕೇಳದೆ ತವರಿಗೆ ಫೋನ್ ಮಾಡಿದಳು ಅಂತ ನನ್ನ ತಮ್ಮ ಅವಳ ಕೈಯನ್ನು ಬಾಗಿಲ ಸಂದಿಗೆ ಹಿಡಿದು ಬಾಗಿಲು ಹಾಕಿದ. ಮೂರು ಬೆರಳು. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. “ಬಚ್ಚಲಾಗೆ ಜಾರಿದ್ಲು” ಅಂತ ಡಾಕ್ಟರಿಗೆ ಹೇಳಿದವಳು ಅವ್ವ.

ನಿನ್ನೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ ನೇತ್ರಾ ಚೊಂಬು ಹಿಡಿದು ಹಿಂದೆಯೇ ಬಂದಳು. ಸಣ್ಣ ದನಿ. “ಅಕ್ಕಾ, ಮೊದಲ್ನೇರಿಗೆ ನಿಜ್ವಾಗ್ಲೂ ಏನಾಗಿತ್ತು?” ಬಾಯಿ ತೆರೆದೆ. ಅಷ್ಟರಲ್ಲಿ ಬೆನ್ನ ಹಿಂದೆ ಅವ್ವ. “ಸಂಧ್ಯಾ, ಗಾಡಿ ಹೊರಡ್ತೈತೆ ಬಾರೇ.” ನಂಬರ್ ಮಾತ್ರ ಕೊಟ್ಟು ಬಂದೆ.

ನವೆಂಬರ್ 13, ಗುರುವಾರ

ಸಾಸ್ವೆಹಳ್ಳಿ ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ ಚನ್ನಗಿರಿಗೆ ಹೋದೆ. ಮನೆಗಲ್ಲ, ನೇರ ಮಂಡಿಗೆ. ಅಪ್ಪನ ಎದುರು ನಿಂತು ಹೇಳಿದೆ — ನಿಜ ನೀನು ಹೇಳುತ್ತೀಯೋ, ನಾನು ಹೇಳಲೋ?

ಎಲೆ-ಅಡಿಕೆ ತಟ್ಟೆ ಕೈ ಬದಲಾಗುವ ಮುಂಚೆ ಹಿರಿಯರು ಕೇಳುತ್ತಾರಲ್ಲ, “ಎಲ್ರ ಒಪ್ಪಿಗೆ ಐತೇನ್ರಪ್ಪಾ?” ಅಂತ. ನಮ್ಮಲ್ಲಿ ಯಾವಾಗಲೂ ಬೆನಕಪ್ಪ ಮಾವನೇ ಕೇಳುವುದು, ಮೂರು ಸಲ. ಆಗ ಎದ್ದು ನಿಂತು ಇಲ್ಲ ಅನ್ನುತ್ತೇನೆ ಅಂದೆ. ಮನೆ ಮಗಳು ಇಲ್ಲ ಅಂದರೆ ತಟ್ಟೆ ಕೆಳಗಿಡಬೇಕು. ಆ ಪದ್ಧತಿ ನಾನು ಮಾಡಿದ್ದಲ್ಲ, ಇವರೇ ಮಾಡಿಕೊಂಡಿದ್ದು.

ಸತೀಶ ಅಲ್ಲೇ ಮೂಟೆ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ತಲೆ ಎತ್ತಲಿಲ್ಲ. ಅಪ್ಪ ಲೆಕ್ಕದ ಪುಸ್ತಕ ಮುಚ್ಚಿಟ್ಟು, “ನೀ ಹೇಳಾದು ಸರಿ ಐತವ್ವ. ನಾನೇ ಜಗಳೂರಿಗೆ ಹೋಗಿ ಬಿಡಿಸಿ ಹೇಳ್ತೀನಿ. ನಿನ್ ಬಾಯಾಗೆ ಯಾಕೆ ಬರ್ಬೇಕು? ಶಾಸ್ತ್ರ ಆಮ್ಯಾಲೆ ನೋಡಾಣ” ಅಂದ.

ತಲೆ ಮೇಲೆ ಕೈ ಇಟ್ಟ. ಅಳು ಬಂತು. ಎಷ್ಟು ವರ್ಷವಾಗಿತ್ತು ಆ ಕೈ ತಲೆಗೆ ತಾಗಿ.

ನವೆಂಬರ್ 17, ಸೋಮವಾರ

ಮುಂದಿನ ವಾರ ದೆಹಲಿಯಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ. ಟ್ರೈನಿಗೆ ಹೋಗುವವಳಿದ್ದೆ. ಸಂಜೆ ಸತೀಶ ಬಂದ. ಕೈಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣ. ಮುಖದಲ್ಲಿ ಎಂದೂ ಕಾಣದ ನಗು.

“ಅಕ್ಕಾ, ಎರಡು ದಿನ ಟ್ರೈನಾಗೆ ಕುಂತು ಸೊಂಟ ಹಾಳ್ ಮಾಡ್ಕಬ್ಯಾಡ. ಭಾನುವಾರಕ್ಕೆ ಫ್ಲೈಟ್ ಬುಕ್ ಮಾಡೀನಿ. ಹೋಗಾಕೂ, ಬರಾಕೂ.”

ನನ್ನ ಗಂಡ ಸಿದ್ದು ಬ್ಯಾಟರಿ ಅಂಗಡಿಯಿಂದ ಆಗಷ್ಟೇ ಬಂದಿದ್ದ. ಸತೀಶ ಹೋದ ಮೇಲೆ, “ಆಟೋದೋನ ಹತ್ರ ಐದ್ರುಪಾಯಿಗೆ ಜಗಳ ಆಡೋನು, ನಿಂಗೆ ವಿಮಾನ ಹತ್ತಿಸ್ತಾನಾ?” ಅಂದ. ನಾನೇ ಸಿದ್ದುವಿಗೆ ಬೈದೆ. ಮನುಷ್ಯ ಬದಲಾಗಬಾರದಾ ಅಂತ.

ಸತೀಶ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದ. “ವಿಮಾನದಾಗೆ ಫೋನ್ ಹತ್ತಲ್ಲ, ಅಲ್ವಾ?” ಹತ್ತಲ್ಲ, ಫ್ಲೈಟ್ ಮೋಡಿಗೆ ಹಾಕಬೇಕು ಅಂದೆ. “ಇಳಿಯೋ ತನಕ?” ಹೂಂ, ಸುಮಾರು ಮೂರು ಗಂಟೆ. ಅಕ್ಕನ ಚಿಂತೆ ಅಂದುಕೊಂಡೆ.

ನವೆಂಬರ್ 21, ಶುಕ್ರವಾರ

ಅವ್ವ ಫೋನ್ ಮಾಡಿದ್ದಳು. ಅಪ್ಪ ಜಗಳೂರಿಗೆ ಹೋಗಿ ಎಲ್ಲ ಹೇಳಿ ಬಂದನಂತೆ. “ಯೋಚ್ನೆ ಮಾಡ್ತೀವಿ ಅಂದ್ರಂತೆ. ನೀ ಆರಾಮಾಗಿ ಹೋಗ್ಬಾ.” ಫೋನ್ ಇಡುವ ಮುಂಚೆ, “ವಿಮಾನದಾಗೆ ಫೋನ್ ಹತ್ತಲ್ಲಂತೆ. ಹೌದೇನೇ?”

ಇವರಿಗೆಲ್ಲ ಯಾಕೆ ಇದೇ ಪ್ರಶ್ನೆ.

ನೇತ್ರಾ ಮೊನ್ನೆ ಮೆಸೇಜ್ ಮಾಡಿದ್ದಳು — ‘ಅಕ್ಕಾ, ಅವತ್ತು ನೀವು ಏನೋ ಹೇಳಾಕೆ ಬಂದ್ರಿ.’ ಅಪ್ಪನೇ ಬಂದು ಹೇಳ್ತಾರಮ್ಮ ಅಂತ ಉತ್ತರ ಕೊಟ್ಟಿದ್ದೆ. ಆಮೇಲೆ ಅವಳಿಂದ ಏನೂ ಬಂದಿಲ್ಲ. ಯೋಚಿಸುತ್ತಿರಬೇಕು.

ನವೆಂಬರ್ 23, ಭಾನುವಾರ. ವಿಮಾನದಲ್ಲಿ, ಬೆಳಿಗ್ಗೆ 11

ಕಿಟಕಿ ಸೀಟು. ಬೆಂಗಳೂರು ಬಿಟ್ಟು ಸ್ವಲ್ಪ ಹೊತ್ತಾಯಿತು. ಮುಂದಿನ ಸೀಟಿನ ಬೆನ್ನಿಗೆ ಒಂದು ಸ್ಟಿಕ್ಕರ್. ಈ ವಿಮಾನದಲ್ಲಿ ವೈಫೈ ಇದೆ, ಮೆಸೇಜ್ ಉಚಿತ. ವಿಜ್ಞಾನದ ಟೀಚರ್ ನಾನು, ನನಗೇ ಗೊತ್ತಿರಲಿಲ್ಲ! ಹೆಸರು, ಸೀಟ್ ನಂಬರ್ ಹಾಕಿದೆ. ಫೋನ್ ಫ್ಲೈಟ್ ಮೋಡಿನಲ್ಲೇ ಇದೆ, ವಾಟ್ಸಾಪ್ ನಡೆಯುತ್ತಿದೆ. ಸಿದ್ದುವಿಗೆ ಮೋಡದ ಫೋಟೋ ಕಳಿಸಿದೆ. ಮಕ್ಕಳಿಗೆ ಇದನ್ನೇ ಪಾಠ ಮಾಡಬೇಕು, ಸ್ಯಾಟಲೈಟ್ ಹೇಗೆ…

11.25

ಹೊಸ ಗ್ರೂಪ್. ‘ಸತೀಶ್–ನೇತ್ರಾ ಶುಭಕಾರ್ಯ’. ನನ್ನನ್ನೂ ಸೇರಿಸಿದ್ದಾರೆ. ಸೇರಿಸಿದವಳು ವಾಣಿಶ್ರೀ, ಚಿಕ್ಕಪ್ಪನ ಮಗಳು. ಮನೆ ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಬಿಟ್ಟರೂ ಮುನಿಸಿಕೊಳ್ಳುತ್ತಾರೆ ಅಂತ ಎಲ್ಲರನ್ನೂ ಸೇರಿಸುವ ಅಭ್ಯಾಸ ಅವಳಿಗೆ. ನನ್ನನ್ನು ದೂರ ಇಡಬೇಕು ಅನ್ನುವ ಗುಟ್ಟು ಯಾರೂ ಅವಳಿಗೆ ಹೇಳಿರಲಿಕ್ಕಿಲ್ಲ.

ಫೋಟೋ ನಿಧಾನವಾಗಿ ಬಿಚ್ಚಿಕೊಂಡಿತು. ಮೇಲೆ ಬೆನಕಪ್ಪ ಮಾವನ ರುಮಾಲು. ಆಮೇಲೆ ಅಪ್ಪ. ಆಮೇಲೆ ತಟ್ಟೆ, ಎಲೆ, ಅಡಿಕೆ, ತೆಂಗಿನಕಾಯಿ. ಜಗಳೂರಿನ ಅದೇ ಹಾಲ್, ಅದೇ ಹಸಿರು ಗೋಡೆ. ಕೆಳಗೆ ವಾಣಿಶ್ರೀ ಬರೆದಿದ್ದಾಳೆ — ‘ದೂರ ಇರೋರು ಇಲ್ಲೇ ನೋಡ್ರಿ. ಇನ್ನೇನು ಶಾಸ್ತ್ರ ಶುರು.’

ಅದಕ್ಕೇ ಟಿಕೆಟ್ಟು. ಅದಕ್ಕೇ ಮಂಡಕ್ಕಿ ಪೊಟ್ಟಣ. ತಲೆ ಮೇಲೆ ಕೈ ಇಟ್ಟನಲ್ಲ, ಅದೂ ಇದಕ್ಕೇ. ನನ್ನ ಬಾಯಿ ಮುಚ್ಚಿಸಲು ಇವರಿಗೆ ಆಕಾಶವೇ ಬೇಕಾಯಿತು! ಅಕ್ಷರ ಸೊಟ್ಟಗೆ ಬರುತ್ತಿವೆ. ಬರಲಿ.

11.40

ವಾಟ್ಸಾಪಿನಲ್ಲಿ ನೇತ್ರಾಗೆ ಕಾಲ್ ಮಾಡಿದೆ. ಹೋಗುವುದಿಲ್ಲ. ಗಗನಸಖಿ ಬಂದು, ಮೇಡಂ, ಇಲ್ಲಿ ಕಾಲ್ ಇಲ್ಲ, ಮೆಸೇಜ್ ಮಾತ್ರ ಅಂದಳು. ಟೀ ಬೇಕಾ ಅಂದಳು. ಬೇಡ ಅಂದ ದನಿಗೆ ಪಕ್ಕದವರು ತಿರುಗಿ ನೋಡಿದರು. ನೋಡಲಿ.

ಎಲ್ಲ ಬರೆದು ನೇತ್ರಾಗೆ ಕಳಿಸಿದೆ. ಒಂದೇ ಟಿಕ್. ಫೋನ್ ಕಿತ್ತಿಟ್ಟುಕೊಂಡಿದ್ದಾರೋ ಏನೋ.

ಹಾಗಾದರೆ ಗ್ರೂಪಿನಲ್ಲೇ ಹಾಕಬೇಕು. ಎರಡೂ ಮನೆಯವರಿದ್ದಾರೆ. ಆದರೆ ಪುಷ್ಪಾ? ಅವಳ ನೋವನ್ನು ಅವಳನ್ನು ಕೇಳದೆ ಹರಾಜಿಗಿಡಲು ನಾನ್ಯಾರು. ಈಗ ಗೋವಿನಕೋವಿಯ ತವರಿನಲ್ಲಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಕೇಳಿದೆ — ‘ಪುಷ್ಪಾ, ನಿನ್ನ ಕೈ ವಿಷಯ ಹೇಳಲಾ? ಹೆಸರು ಹಾಕಲ್ಲ.’

ಕಾದೆ. ಗ್ರೂಪಿನಲ್ಲಿ ವಾಣಿಶ್ರೀ: ‘ಮಾವ ಮಾತು ಶುರು ಮಾಡಿದ್ರು.’

ಪುಷ್ಪಾಳಿಂದ ಬಂತು. ‘ಹೇಳ್ರಿ ಅಕ್ಕ. ಹೆಸರು ಹಾಕೇ ಹೇಳ್ರಿ.’

11.55

ಕಳಿಸಿದ್ದನ್ನು ಹಾಗೇ ಇಲ್ಲಿ ಬರೆದಿಡುತ್ತೇನೆ. ನಾಳೆ ಯಾರೂ ನಾನು ಹೀಗಂದೆ, ಹಾಗಂದೆ ಅನ್ನಬಾರದು.

‘ನಾನು ಸಂಧ್ಯಾರಾಣಿ, ಸತೀಶನ ಅಕ್ಕ. ಬೆನಕಪ್ಪ ಮಾವ, ನನ್ನ ಒಪ್ಪಿಗೆ ಇಲ್ಲ. ಪುಷ್ಪಾಳ ತಲೆ ಸರಿ ಇದೆ. ಸತೀಶ ಅವಳ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಮುರಿದ. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ಇದನ್ನು ನೇತ್ರಾವತಿಗೆ ಓದಿ ಹೇಳಿ. ಆಮೇಲೆ ತಟ್ಟೆ ಎತ್ತಿ.’

ಯಾರ್‍ಯಾರು ಓದಿದರು ಅಂತ ತೆರೆದು ನೋಡಿದೆ. ಒಬ್ಬೊಬ್ಬರಾಗಿ ಓದುತ್ತಿದ್ದಾರೆ. ಆಮೇಲೆ ಬೆನಕಪ್ಪ ಮಾವ ಏನೋ ಟೈಪ್ ಮಾಡತೊಡಗಿದರು. ಮಾಡಿದರು, ನಿಲ್ಲಿಸಿದರು, ಮಾಡಿದರು. ಕೊನೆಗೆ ಬಂದದ್ದು ಇಷ್ಟು:

‘ಸಂಧ್ಯಾ ನೀ ವಿಮಾನದಾಗೆ ಇದ್ದೀಯಲ್ಲ?’

ಅಯ್ಯೋ! ಒಬ್ಬಳ ಕೈ ಮುರಿದದ್ದು ದೊಡ್ಡದಲ್ಲ. ನನ್ನ ಫೋನ್ ಹತ್ತಿದ್ದು ದೊಡ್ಡದು! ಹಾಗಾದರೆ ಮಾವನಿಗೂ ಗೊತ್ತಿತ್ತು. ಬರೆದೆ — ‘ಇದ್ದೀನಿ. ವಿಮಾನದಾಗೆ ಫೋನ್ ಹತ್ತುತ್ತೆ ಮಾವ.’

ಹೋಗಲಿಲ್ಲ. ವಾಣಿಶ್ರೀ ನನ್ನನ್ನು ಗ್ರೂಪಿನಿಂದ ತೆಗೆದಿದ್ದಾಳೆ.

ಅದೇ ದಿನ, ಸಂಜೆ. ದೆಹಲಿ, ಹಾಸ್ಟೆಲ್

ಯಾವುದೋ ಹೊಸ ನಂಬರಿನಿಂದ ಕಾಲ್. ನೇತ್ರಾ. ಪಕ್ಕದ ಮನೆಯ ಫೋನಿನಿಂದ; ಅವಳದನ್ನು ಬೆಳಿಗ್ಗೆಯೇ ಕಿತ್ತಿಟ್ಟುಕೊಂಡಿದ್ದರಂತೆ. ಅವಳು ಹೇಳಿದ್ದು ಹೇಳಿದ ಹಾಗೆ.

“ಎಲ್ರೂ ಓದಿದ್ರು ಅಕ್ಕಾ. ನಮ್ಮಪ್ಪ ನಿಮ್ಮಪ್ಪನ್ನ ಕೇಳಿದ್ರು, ಏನ್ರೀ ಇದು ಅಂತ. ಅದಕ್ಕೆ ನಿಮ್ಮಪ್ಪ…” ತಡೆದಳು. “ಹೇಳು” ಅಂದೆ. “ನಮ್ ಮಗಳಿಗೂ ಇತ್ತೀಚೆಗೆ ತಲೆ ಸರಿ ಇಲ್ರೀ ಅಂದ್ರು.”

“ಆಮ್ಯಾಲೆ?”

“ಆಮ್ಯಾಲೆ ಏನು, ತಟ್ಟೆ ಬದಲಾಯಿಸಿದ್ರು. ನಿಮ್ ಮಾವ ಮೂರ್ನೇ ಸಲ ಕೇಳಲೇ ಇಲ್ಲ.”

ಬೈಗುಳ ಬಾಯಿಗೆ ಬಂದದ್ದೆಲ್ಲ ಬಂತು. ನನ್ನ ಅಪ್ಪನಿಗೆ. ಅವಳು ಮುಗಿಯುವ ತನಕ ಕೇಳಿದಳು. ಆಮೇಲೆ ತಣ್ಣಗೆ ಅಂದಳು, “ಒಂದೇ ಮನೇಲಿ ಇಬ್ರು ಹೆಂಗಸ್ರಿಗೆ ತಲೆ ಕೆಟ್ಟೈತೆ ಅಂದ್ರೆ, ಕೆಟ್ಟಿರೋದು ಮನೇನೇ ಇರ್ಬೇಕಲ್ಲ ಅಕ್ಕಾ. ಪುಷ್ಪಕ್ಕನ ನಂಬರ್ ಕೊಡ್ರಿ.”

ಕೊಟ್ಟೆ.

ನವೆಂಬರ್ 25, ಮಂಗಳವಾರ

ತರಬೇತಿಯಲ್ಲಿ ಏನು ಹೇಳುತ್ತಿದ್ದಾರೋ ತಲೆಗೆ ಹೋಗುತ್ತಿಲ್ಲ. ಸತೀಶ ಒಂದು ಚಿತ್ರ ಕಳಿಸಿದ್ದಾನೆ. ನನ್ನ ವಾಪಸ್ ಟಿಕೆಟ್ ಕ್ಯಾನ್ಸಲ್ ಆದದ್ದು. ಕೆಳಗೆ ಒಂದೇ ಸಾಲು. ‘ನಡ್ಕಂಡ್ ಬಾ.’

ಬರುತ್ತೇನೆ ಕಣೋ. ನನ್ನ ಸಂಬಳದಲ್ಲಿ ನಾನೇ ಟಿಕೆಟ್ ತೆಗೆದೆ.

ಅವ್ವ ಫೋನ್ ಮಾಡಿ ಅತ್ತಳು. “ನಿನ್ ತಮ್ಮನ್ ಬಾಳು ಹಾಳ್ ಮಾಡಾಕೆ ಹುಟ್ಟಿದ್ಯಾ?” ಅಂದಳು. ಪುಷ್ಪಾಳ ಬಾಳು ಯಾರವ್ವಾ ಹಾಳು ಮಾಡಿದ್ದು ಅಂದೆ. ಇಟ್ಟುಬಿಟ್ಟಳು. ಸಿಟ್ಟಿನ ಅಡಿಯಲ್ಲಿ ದುಃಖವೂ ಇದೆ. ಇಲ್ಲ ಅಂತ ಬರೆದರೆ ಸುಳ್ಳು.

ನವೆಂಬರ್ 28, ಶುಕ್ರವಾರ

ನೇತ್ರಾ ಗೋವಿನಕೋವಿಗೆ ಹೋಗಿದ್ದಳು. ಮನೆಯಲ್ಲಿ ಡ್ಯೂಟಿ ಅಂತ ಹೇಳಿ, ಬಸ್ಸು ಬದಲಿಸಿ ಬದಲಿಸಿ. ಮಧ್ಯಾಹ್ನ ಮೆಸೇಜ್, ಅವಳದೇ ಫೋನಿನಿಂದ; ಡ್ಯೂಟಿಗೆ ಬೇಕು ಅಂತ ವಾಪಸ್ ಇಸಿದುಕೊಂಡಳಂತೆ. ‘ಕೈ ನೋಡಿದೆ ಅಕ್ಕಾ. ಲೋಟ ಹಿಡಿಯಾಕೆ ಎಡಗೈ ಬೇಕು ಅವ್ರಿಗೆ.’

ಸಂಜೆ ಕಾಲ್ ಮಾಡಿದಳು. ಎಲೆ-ಅಡಿಕೆ ವಾಪಸ್ ಕೊಡುತ್ತಾಳಂತೆ. ಕೊಟ್ಟರೆ ಮಾತು ಮುರಿದ ಹಾಗೆ, ಆಮೇಲೆ ಯಾರೂ ಏನೂ ಮಾಡಲಾಗದು. ಅವಳ ಅಪ್ಪ ಕೊಡಲು ಒಪ್ಪಿಲ್ಲ. ಭಾನುವಾರ ಲಗ್ನಪತ್ರಿಕೆ ಬರೆಸುತ್ತಾರೆ. “ಅದಕ್ಕೆ ನಾಳೆನೇ ನಾನೇ ಒಯ್ತೀನಿ. ಪುಷ್ಪಕ್ಕನೂ ಬರ್ತೀನಿ ಅಂದ್ರು.”

ನಾಳೆ ರಾತ್ರಿ ತನಕ ಕಾಯಿ, ನಾನು ಬಂದುಬಿಡುತ್ತೇನೆ ಅಂದೆ. “ಕಾಯಾಕೆ ಆಗಲ್ಲ ಅಕ್ಕಾ. ಮಧ್ಯಾಹ್ನ ನಿಮ್ಮಪ್ಪ, ಸತೀಶ ಇಬ್ರೂ ಊಟಕ್ಕೆ ಮನೇಲಿ ಇರ್ತಾರಂತೆ. ಪುಷ್ಪಕ್ಕಂಗೆ ಗೊತ್ತೈತೆ. ಇಬ್ರ ಮುಂದೇನೇ ಕೊಡ್ಬೇಕು.”

ಸಿದ್ದುವಿಗೆ ಹೇಳಿದೆ. ಅಂಗಡಿ ಮುಚ್ಚಿ ವ್ಯಾನ್ ತೆಗೆದುಕೊಂಡು ಜೊತೆಗೆ ಹೋಗು. ಒಳಗೆ ಹೋಗಬೇಡ. ಬಾಗಿಲಲ್ಲೇ ಇರು.

ನವೆಂಬರ್ 29, ಶನಿವಾರ. ವಿಮಾನದಲ್ಲಿ

ಈ ವಿಮಾನದಲ್ಲಿ ವೈಫೈ ಇಲ್ಲ. ಹತ್ತಿದ ಕೂಡಲೇ ಗಗನಸಖಿಯನ್ನು ಕೇಳಿದೆ. ಇಲ್ಲ ಮೇಡಂ, ಎಲ್ಲದರಲ್ಲೂ ಇರುವುದಿಲ್ಲ ಅಂದಳು, ನಗುತ್ತಾ. ನನಗೆ ಅವಳ ಲಿಪ್‌ಸ್ಟಿಕ್ ಮೇಲೂ ಸಿಟ್ಟು ಬಂತು.

ಫೋನ್ ಫ್ಲೈಟ್ ಮೋಡಿಗೆ ಹಾಕುವ ಮುಂಚೆ ಬಂದ ಕೊನೆಯ ಮೆಸೇಜ್ ನೇತ್ರಾಳದು. ‘ವ್ಯಾನ್ ನ್ಯಾಮತಿ ಬಿಟ್ತು. ಎಲೆ ಬಾಡೈತೆ, ಅಡಿಕೆ ಹಂಗೇ ಐತೆ.’

ಈಗ ಚನ್ನಗಿರಿ ಮುಟ್ಟಿರಬೇಕು. ಸತೀಶ ಕೈ ಎತ್ತಿದರೆ? ಸಿದ್ದು ಒಬ್ಬನೇ. ಪುಷ್ಪಾ ಆ ಮನೆಯ ಮೆಟ್ಟಿಲು ಹತ್ತುವಾಗ ನಾನು ಪಕ್ಕದಲ್ಲಿರಬೇಕಿತ್ತು. ಇಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿದ್ದೇನೆ. ಪಕ್ಕದವನು ಬಾಯಿ ತೆರೆದು ಮಲಗಿದ್ದಾನೆ. ಅವನ ಮೇಲೂ ಸಿಟ್ಟು. ಹೊತ್ತು ಹೋಗುತ್ತಿಲ್ಲ. ಬರೆದರೂ ಹೋಗುತ್ತಿಲ್ಲ.

ಇಳಿಯಿತು

ಎಲ್ಲರೂ ಎದ್ದು ಚೀಲ ಎಳೆಯುತ್ತಿದ್ದಾರೆ. ನಾನು ಕೂತೇ ಇದ್ದೇನೆ. ಫ್ಲೈಟ್ ಮೋಡ್ ತೆಗೆದೆ. ಸಿಗ್ನಲ್ ಬಂತು… ಮೆಸೇಜ್ ಮೇಲೆ ಮೆಸೇಜ್. ಅಪ್ಪ. ಓದುವುದಿಲ್ಲ. ಸತೀಶ, ಸತೀಶ, ಸತೀಶ. ಓದುವುದಿಲ್ಲ.

ನೇತ್ರಾ:

‘ಕೊಟ್ಟು ಬಂದ್ವಿ ಅಕ್ಕಾ. ನಿಮ್ಮಪ್ಪ ಕೈ ಚಾಚಲಿಲ್ಲ. ಹೊಸ್ತಿಲ ಮ್ಯಾಲೆ ಇಟ್ಟೆ. ಒಂದೂ ತಿಂದಿಲ್ಲ, ಎಣಿಸ್ಕೊಳ್ರಿ ಅಂದೆ. ಪುಷ್ಪಕ್ಕ ಅದೇ ಬಾಗ್ಲ ಸಂದಿಗೆ ಅದೇ ಕೈ ಇಟ್ಕೊಂಡು ನಿಂತಿದ್ರು. ಸತೀಶ ಎದುರಿಗೇ ಇದ್ದ. ಬಾಗ್ಲು ಹಾಕಾಕೆ ಅವನಿಗೆ ಆಗಲಿಲ್ಲ.’

ದಾರಿ ಬಿಡ್ರೀ ಅಂತ ಯಾರೋ ಅನ್ನುತ್ತಿದ್ದಾರೆ. ಬಿಡ್ತೀನಿ, ಇರ್ರೀ. ಇನ್ನೊಂದು ಸಲ ಓದಿ ಏಳ್ತೀನಿ.