ಸೊಸೆಯ ಕೈಕೆಳಗೆ ಒಂದು ಇಳಿವರ್ಷ

ತಗ್ಗಿನಕೇರಿ, ಬಾಗಲಕೋಟೆ ಸೀಮೆ.
ಎರಡು ಸಾವಿರದ ನೂರ ಎಂಬತ್ತೇಳನೆಯ ಇಸವಿ, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ.

ಅಂಗನವಾಡಿ, ಬಾಲವಾಡಿ, ಶಿಶುವಿಹಾರಗಳಲ್ಲಿ ಕೂಸುಗಳಿಗೆ ಕಲಿಸುತ್ತಿರುವ ನಮ್ಮ ಹಿಂದಿನವರಿಗೆ ಬಾಳವ್ವ ಬೆಳ್ಳಿಕಟ್ಟಿ ಬರೆಯುವುದು.

ಹದಿಮೂರನೆಯ ತಿಂಗಳು ಎಂದದ್ದಕ್ಕೆ ಮುದುಕಿಗೆ ಅರಳುಮರಳು ಎನ್ನಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ. ಉಳಿದ ದಿನಗಳನ್ನು ಕೂಡಿಸಿ ಇನ್ನೊಂದು ತಿಂಗಳು ಮಾಡಿದ್ದಾರೆ. ಹೀಗೆ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಒಮ್ಮೆ ಕ್ಷಮೆ ಕೇಳುತ್ತೇನೆ. ಎರಡನೆಯ ಸಲ ಕೇಳುವ ರೂಢಿ ನನಗಿಲ್ಲ. ಹಿಂದಿನ ಕಾಲಕ್ಕೆ ಕಾಗದ ಹಾಕಲು ನಮ್ಮಲ್ಲಿ ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಅವಕಾಶ. ನನ್ನ ತಂಗಿ ಅದನ್ನು ಮುತ್ತಜ್ಜಿಯ ಹೂರಣದ ಹದ ಕೇಳಲು ಕಳೆದಳು. ಹಿಂದಿನವರಿಂದ ಉತ್ತರ ಬರುವುದಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ನನ್ನ ಪಾಲಿನ ಕಾಗದವನ್ನು ನಾನು ನಿಮಗೆ ಬರೆಯುತ್ತಿದ್ದೇನೆ.

ನಾವು ಇರುವುದು ನೆಲಮನೆಗಳಲ್ಲಿ. ಬಿಸಿಲು ತಡೆಯದೆ ಅರ್ಧ ಮನೆಯನ್ನು ಮಣ್ಣಿನೊಳಗೆ ಇಳಿಸಿಕೊಂಡಿದ್ದೇವೆ. ಬೀದಿಗಳ ಮೇಲೆ ಉದ್ದಕ್ಕೂ ದಪ್ಪ ಬಟ್ಟೆ ಕಟ್ಟಿರುತ್ತದೆ, ಅದಕ್ಕೆ ನೆರಳುದಾರಿ ಎನ್ನುತ್ತೇವೆ. ಆರು ವರ್ಷದೊಳಗಿನ ಮಕ್ಕಳು ಬರುವ ಜಾಗ ಚಿಗುರುಮನೆ. ಅದು ನಸುಕಿಗೆ ತೆರೆದು ಹೊತ್ತೇರುವ ಮೊದಲೇ ಮುಚ್ಚುತ್ತದೆ. ಸಮುದ್ರ ಏರಿ ಕರಾವಳಿ ಬಿಟ್ಟು ಬಂದವರ ಮಕ್ಕಳೂ ಇಲ್ಲೇ ಇರುವುದರಿಂದ ಒಂದೇ ಚಾಪೆಯ ಮೇಲೆ ಐದಾರು ಭಾಷೆಯ ಅಳು ಕೇಳಿಸುತ್ತದೆ. ಅಕ್ಷರ, ಎಣಿಕೆಗಳನ್ನು ಯಂತ್ರ ಕಲಿಸುತ್ತದೆ, ನಮಗಿಂತ ಚೆನ್ನಾಗಿಯೇ ಕಲಿಸುತ್ತದೆ. ಆದರೆ ಯಂತ್ರಕ್ಕೆ ತೊಡೆಯಿಲ್ಲ. ಅಳುವ ಕೂಸನ್ನು ಎತ್ತಿ ಕೂರಿಸಿಕೊಳ್ಳುವ ಕೆಲಸ ಮನುಷ್ಯರಿಗೇ ಉಳಿಯಿತು. ಆದ್ದರಿಂದ ಚಿಗುರುಮನೆಯಲ್ಲಿ ಕಲಿಸುವ ಅಕ್ಕಾರು ಎಂದರೆ ಊರಿನಲ್ಲಿ ವೈದ್ಯರಿಗಿಂತ ಒಂದು ಕೈ ಮೇಲು. ನಾನು ಓದಿದ್ದು ಹತ್ತನೆಯ ತರಗತಿ. ಅದರ ಮೇಲೆ ಏಳು ವರ್ಷ ಹಿರಿಯ ಅಕ್ಕಾರ ಹಿಂದೆ ಓಡಾಡಿ ಈ ಕೆಲಸ ಕಲಿತೆ. ಇಪ್ಪತ್ತೆಂಟು ವರ್ಷ ನಮ್ಮೂರಿನ ಚಿಗುರುಮನೆಯನ್ನು ನಡೆಸಿದೆ.

ನಮ್ಮಲ್ಲಿ ಇಳಿವರ್ಷ ಎಂಬ ಪದ್ಧತಿಯಿದೆ. ಏಳು ವರ್ಷ ಕಲಿಸಿದ ಅಕ್ಕಾರು ಎಂಟನೆಯ ವರ್ಷ ತನಗಿಂತ ಚಿಕ್ಕವಳ ಕೈಕೆಳಗೆ ಆಯಾ ಆಗಿ ದುಡಿಯಬೇಕು. ಮೂಗು ಒರೆಸಬೇಕು, ಕುಂಡಿ ತೊಳೆಯಬೇಕು, ಹೇಳಿದ್ದು ಕೇಳಬೇಕು. ಆ ವರ್ಷ ಯಾರೂ ಅವಳನ್ನು ಅಕ್ಕಾರು ಎನ್ನುವುದಿಲ್ಲ. ವರ್ಷದ ಕೊನೆಯಲ್ಲಿ ಆ ಚಿಕ್ಕವಳು ತಂದೆತಾಯಿಗಳ ಮುಂದೆ ನಿಂತು ‘ಏರಲಿ’ ಎಂದರೆ ಮತ್ತೆ ಕಲಿಸಬಹುದು, ‘ಇರಲಿ’ ಎಂದರೆ ಇನ್ನೊಂದು ವರ್ಷ ಆಯಾ. ಅರವತ್ತು ತುಂಬುವುದರೊಳಗೆ ಏರದವರು ಮತ್ತೆಂದೂ ಅಕ್ಕಾರ ಮಣೆಯ ಮೇಲೆ ಕೂರುವಂತಿಲ್ಲ. ನನ್ನ ಕೊನೆಯ ಇಳಿವರ್ಷ ಬಂದಾಗ ನನಗೆ ಐವತ್ತೊಂಬತ್ತು. ಊರಿನವರು ನನ್ನನ್ನು ನನ್ನ ಸೊಸೆ ನೀಲವ್ವನ ಕೈಕೆಳಗೆ ಹಾಕಿದರು.

ನೀಲವ್ವ ಮನೆಯಲ್ಲಿ ನನಗೆ ಮೊದಲು ಬಡಿಸಿ ಆಮೇಲೆ ಉಣ್ಣುವವಳು. ಚಿಗುರುಮನೆಯ ಹೊಸ್ತಿಲು ದಾಟಿದ ಕೂಡಲೇ ನನ್ನ ಕೈಗೆ ನೆಲ ಒರೆಸುವ ಬಟ್ಟೆ ಕೊಡುತ್ತಿದ್ದಳು. ನಾನು ಕಲಿಸುವಾಗ ಮಕ್ಕಳು ಸೂಜಿ ಬಿದ್ದರೂ ಕೇಳುವಷ್ಟು ಸುಮ್ಮನಿರುತ್ತಿದ್ದರು. ಅದು ನನ್ನ ಹೆಮ್ಮೆ. ಅವಳ ಮಕ್ಕಳದು ಸಂತೆಯ ಗದ್ದಲ. ಮಕ್ಕಳನ್ನು ಹಿಡಿತದಲ್ಲಿಡು ಎಂದು ನಾನು ಹೇಳಿದಾಗಲೆಲ್ಲ, ಮೊದಲು ಆ ಮೂಲೆ ಒರೆಸಿ ಬರ್ರಿ ಎನ್ನುತ್ತಿದ್ದಳು. ನಾಲ್ಕು ವರ್ಷದ ಹುಡುಗನೊಬ್ಬ ಬಂದು ನನ್ನ ಸೆರಗು ಜಗ್ಗಿ ಕೇಳಿದ: “ಬಾಳವ್ವಾ, ನೀ ನಾಪಾಸ ಆಗೀಯೇನ? ಇಷ್ಟ ದೊಡ್ಡಾಕಿ ಆದ್ರೂ ಇಲ್ಲೇ ಕುಂತೀ.” ನೀಲವ್ವ ನಗು ಮುಚ್ಚಿಕೊಳ್ಳಲು ಗೋಡೆಯ ಕಡೆ ತಿರುಗಿದ್ದು ನನಗೆ ಕಾಣದೇ ಇರಲಿಲ್ಲ.

ವರ್ಷ ಮುಗಿಯಲು ಎರಡು ತಿಂಗಳಿದ್ದಾಗ ಅದು ನಡೆಯಿತು. ಚಂಪಾ ಎಂಬ ಮೂರು ವರ್ಷದ ಹುಡುಗಿ ಕೈ ತೊಳೆಯುವ ತೊಟ್ಟಿಯ ಹತ್ತಿರ ಕೆಸರಿನಲ್ಲಿ ಕುಳಿತು ಏಳಲು ಒಲ್ಲೆನೆಂದಳು. ಹೊತ್ತೇರುತ್ತಿತ್ತು. ಎರಡು ಸಲ ಕರೆದೆ. ಮೂರನೆಯ ಸಲ ಒಂದೇ ಕೈ ಹಿಡಿದು ಜಗ್ಗಿ ಎಬ್ಬಿಸಿದೆ. ಚೀರಿದಳು, ಕೈ ಜೋತುಬಿತ್ತು. ಅಷ್ಟು ಚಿಕ್ಕ ಮಕ್ಕಳ ಮೊಣಕೈ ಹಾಗೆ ಎಳೆದರೆ ಜಾರುತ್ತದೆ, ನನಗೆ ಅದು ಗೊತ್ತಿತ್ತು. ಪಕ್ಕದ ದವಾಖಾನೆಯ ನರ್ಸ್ ಬಂದು ಒಂದು ಗಳಿಗೆಯಲ್ಲಿ ಕೀಲು ಕೂರಿಸಿದಳು. ಅರ್ಧ ತಾಸಿನಲ್ಲಿ ಚಂಪಾ ಅದೇ ಕೈಯಿಂದ ಮಣ್ಣಿನ ರೊಟ್ಟಿ ತಟ್ಟುತ್ತಿದ್ದಳು. ಬಾವಿಲ್ಲ, ಗುರುತಿಲ್ಲ.

ನಮ್ಮಲ್ಲಿ ಮಗುವಿಗೆ ಏನಾದರೂ ಆದರೆ ‘ಎದುರು ಹೇಳುವುದು’ ಎಂಬ ಕಟ್ಟಳೆ ಇದೆ. ಮಗು ಮನೆಗೆ ಹೊರಡುವ ಮೊದಲು ಅಕ್ಕಾರು ತಂದೆತಾಯಿಗೆ ಮುಖ ನೋಡಿ ಹೇಳಬೇಕು, ತಪ್ಪು ಮಾಡಿದವರು ಪಕ್ಕದಲ್ಲಿ ನಿಂತಿರಬೇಕು. ನಾನು ನೀಲವ್ವನನ್ನು ಪಡಸಾಲೆಗೆ ಕರೆದೆ. ಇನ್ನೆರಡು ತಿಂಗಳಲ್ಲಿ ನನ್ನ ಮಣೆ ನನಗೆ ಸಿಗಬೇಕಿತ್ತು.

“ಬಿದ್ಲು ಅಂತ ಹೇಳು,” ಎಂದೆ. “ಆಡೋ ಹುಡುಗರು ಬೀಳತಾವು.”

“ಬಿದ್ದಿಲ್ಲಲ್ರೀ ಬಾಳವ್ವಾರ.”

“ನಾ ನಿನ್ನ ಅತ್ತಿ ಅದೀನಿ, ನೆನಪೈತಿಲ್ಲೋ?”

“ಮನ್ಯಾಗ ಅತ್ತಿ. ಅಲ್ಲಿ ನಿಮ್ಮ ಕಾಲ ಒತ್ತತೀನಿ. ಇಲ್ಲಿ ನೀವು ಆ ಕೂಸಿನ ಕೈ ಜಗ್ಗಿದಾಕಿ.” ಮತ್ತೆ ಹೇಳಿದಳು: “ಬಿದ್ದಿ ಅಂತ ನಾವ ಹೇಳಿಕೊಟ್ರ ಅದು ಕಲೀತೈತ್ರಿ. ನಾಳೆ ಇನ್ಯಾರರ ಜಗ್ಗಿದ್ರೂ ಬಿದ್ದೆ ಅಂತಾನ ಹೇಳತೈತಿ.”

ಮಗುವನ್ನು ಕರೆದೊಯ್ಯಲು ತಂದೆ ಯಮನಪ್ಪ ಬಂದ. ಅವನು ನೆರಳುದಾರಿಯ ಬಟ್ಟೆ ಹೊಲಿಯುವವನು, ಚಿಕ್ಕಂದಿನಲ್ಲಿ ನನ್ನ ಕೈಯಲ್ಲೇ ಕಲಿತವನು. ನೀಲವ್ವ ಒಂದು ಮಾತೂ ಬಿಡದೆ ಎಲ್ಲವನ್ನೂ ಹೇಳಿದಳು. ನಾನು ತಲೆಯೆತ್ತಿ ನಿಂತಿದ್ದೆ. ಅವನು ಕೂಗಾಡಿದ್ದರೆ ಉತ್ತರ ಕೊಡುತ್ತಿದ್ದೆ. ಅವನು ಮಗಳ ಮೊಣಕೈ ಸವರಿ ನೋಡಿ ಮೆಲ್ಲಗೆ ಹೇಳಿದ:

“ನನ್ನ ಕೈನೂ ಹೀಂಗ ಜಾರಿತ್ರಿ ಬಾಳವ್ವಾರ. ನಿಮ್ಮ ಕೈಯಾಗ. ಆಗ ನೀವು ಬಿದ್ದ ಅಂತ ನಮ್ಮ ಮನಿಗೆ ಹೇಳಿ ಕಳಿಸಿದ್ರಿ. ನೆಟ್ಟಗ ನಡಿಯಾಕ ಬರಂಗಿಲ್ಲೇನ ಅಂತ ನಮ್ಮವ್ವ ಬಡದಿದ್ಲು.”

ನನಗೆ ಅದು ನೆನಪಿರಲಿಲ್ಲ. ಈಗಲೂ ಇಲ್ಲ. ಆ ದಿನ ಮನೆಗೆ ಬಂದು ಎಷ್ಟು ಹುಡುಕಿದರೂ ಕೈ ಜಾರಿದ ಆ ಹುಡುಗನ ಮುಖ ಸಿಗಲಿಲ್ಲ. ನೆನಪಿಲ್ಲದಷ್ಟು ಸಲೀಸಾಗಿ ಆ ಮಾತು ನನ್ನ ಬಾಯಿಂದ ಬಂದಿತ್ತು ಎಂದರೆ, ಇನ್ನೆಷ್ಟು ಮಕ್ಕಳು ‘ಬಿದ್ದು’ ಮನೆಗೆ ಹೋಗಿರಬೇಕು? ನಾನು ಹೆಮ್ಮೆಪಟ್ಟ ಆ ನಿಶ್ಶಬ್ದದಲ್ಲಿ ಏನೇನಿತ್ತು ಎಂಬುದು ಆಗ ತಿಳಿಯಿತು.

ವರ್ಷದ ಕೊನೆಯ ದಿನ ನೀಲವ್ವ ಎಲ್ಲರ ಮುಂದೆ ನಿಂತಳು. ಕೈ ಜಗ್ಗಿದ್ದನ್ನು ತಿದ್ದಬಹುದು, ಬಾಳವ್ವ ಅದನ್ನು ತಿದ್ದಿಕೊಂಡಿದ್ದಾರೆ, ಆದರೆ ಸುಳ್ಳು ಹೇಳು ಎಂದದ್ದಕ್ಕೆ ಇನ್ನೂ ಒಂದು ವರ್ಷ ಬೇಕು ಎಂದಳು. ಆಮೇಲೆ “ಇರಲಿ” ಎಂದಳು. ಅರವತ್ತಕ್ಕೆ ನನಗೆ ಉಳಿದಿದ್ದುದು ಹನ್ನೊಂದು ದಿನ. ನನ್ನ ಮಗ ಮೂರು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ನಾಲ್ಕನೆಯ ದಿನ ನಾನೇ ಅವನನ್ನು ಕೂರಿಸಿ ಬೈದೆ. ಆ ಹುಡುಗಿಯನ್ನು ನೋಡಿ ಒಪ್ಪಿ ಮನೆಗೆ ತಂದವಳು ನಾನು. ನನ್ನ ಆಯ್ಕೆ ತಪ್ಪಲಿಲ್ಲ.

ಈಗ ನನಗೆ ಅರವತ್ತೆಂಟು. ಇವತ್ತಿಗೂ ಅದೇ ಚಿಗುರುಮನೆಯಲ್ಲಿ ಆಯಾ. ಹೊಸದಾಗಿ ಬರುವ ಹುಡುಗಿಯರಿಗೆ ಮೊದಲ ಪಾಠ ನನ್ನದೇ: ಕೂಸನ್ನು ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಬೇಕು, ಎತ್ತುವ ಮೊದಲು ಅದರ ಮುಖ ನೋಡಿ ಎತ್ತುತ್ತೇನೆ ಎಂದು ಹೇಳಬೇಕು. ದೊಡ್ಡ ದೊಡ್ಡ ಅಕ್ಕಾರುಗಳೂ ನನ್ನ ಮುಂದೆ ಬಂದು ಎತ್ತಿ ತೋರಿಸುತ್ತಾರೆ. ತಪ್ಪಿದವರನ್ನು ನಾನು ಬಿಡುವುದಿಲ್ಲ.

ನಿಮ್ಮಲ್ಲಿ ಇಳಿವರ್ಷವಿಲ್ಲ ಎಂದು ಓದಿದ್ದೇನೆ. ತರಬೇತಿಗೆ ಹೋಗುತ್ತೀರಿ, ಪ್ರಮಾಣಪತ್ರ ತರುತ್ತೀರಿ, ಒಳ್ಳೆಯದೇ, ತನ್ನಿ. ಆದರೆ ವರ್ಷಕ್ಕೆ ಒಂದು ವಾರವಾದರೂ ನಿಮಗಿಂತ ಚಿಕ್ಕವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನಲ್ಲಿ ಕಂಡ ತಪ್ಪು ಹೇಳು ಎನ್ನಿ. ಹೇಳಿದ ಮೇಲೆ ಅವಳ ಮೇಲೆ ಸಿಟ್ಟು ಸಾಧಿಸಬೇಡಿ. ನಿಮ್ಮ ಕೆಲಸ ಚಿಕ್ಕದೆಂದು ಯಾರಾದರೂ ಅಂದರೆ ನಂಬಬೇಡಿ. ಅದು ಎಷ್ಟು ದೊಡ್ಡದು ಎಂದು ಕಣ್ಣಾರೆ ನೋಡಿದವಳು ನಾನು.

ಇನ್ನೊಂದು ಮಾತು, ಇದು ವಿನಂತಿಯಲ್ಲ. ನಿಮ್ಮ ಕೈಯಲ್ಲಿ ನೊಂದು, ‘ಬಿದ್ದು’ ಮನೆಗೆ ಹೋದ ಕೂಸು ಯಾವುದೆಂದು ನಿಮಗೆ ಗೊತ್ತಿರುತ್ತದೆ. ನಾನು ಯಮನಪ್ಪನ ಮನೆಗೆ ಹೋದದ್ದು ಇಪ್ಪತ್ತಾರು ವರ್ಷ ತಡವಾಗಿ. ಅವನನ್ನು ಬಡಿದ ಆ ತಾಯಿಗೆ ನಾನು ನಿಜ ಹೇಳಬೇಕಿತ್ತು. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ನಿಮ್ಮ ಆ ಕೂಸುಗಳ ತಾಯಂದಿರು ಇನ್ನೂ ಇದ್ದಾರೆ. ಎದ್ದು ಹೋಗಿ ನಿಜ ಹೇಳಿ.